ಕವಿ ಬರೆದ ಪದ್ಯ, ಓದುಗ ಹೇಳುವ ಅರ್ಥ

ಆಷಾಢದ ಮಳೆ ಹಿಡಿದ ಸಂಜೆ, ಶಿರಸಿ ಸಮೀಪದ ನೆಂಟರ ಮನೆಯ ಜಗುಲಿಯಲ್ಲಿ ಒಂದು ವಾದ ಎದ್ದಿತು. ಕಾಲೇಜು ಓದುವ ಹುಡುಗಿ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮುಗಿಸಿ ಬಂದಿದ್ದಳು. ಅದರಲ್ಲಿನ ಉಂಗುರವೆಂದರೆ ಅಣುಬಾಂಬೇ ಎಂಬುದು ಅವಳ ಪಟ್ಟು. ‘ಬರೆದವರೇ ಅಲ್ಲವೆಂದು ಹೇಳಿದ್ದಾರಲ್ಲ ಮಾರಾಯ್ತಿ’ ಎಂದರು ಸೋದರಮಾವ. ‘ಅವರು ಹೇಳಿಬಿಟ್ಟರೆ ಆಯಿತೇ ಮಾವ?’

ಈ ಜಗಳಕ್ಕೆ ಎಪ್ಪತ್ತು ವರ್ಷ. ಎಳೆಗಳು ಈಗ ಎಷ್ಟು ಸಿಕ್ಕಾಗಿವೆಯೆಂದರೆ, ಯಾರು ಯಾವ ಮಾತಿಗೆ ಉತ್ತರ ಕೊಡುತ್ತಿದ್ದಾರೆ ಎಂಬುದೇ ಗೊತ್ತಾಗುವುದಿಲ್ಲ.

ಕಾದಂಬರಿಯ ಮೂರು ಸಂಪುಟಗಳು ಹೊರಬಂದದ್ದು 1954–55ರಲ್ಲಿ. ಹಿರೋಶಿಮಾ ಸುಟ್ಟು ಆಗಿನ್ನೂ ಹತ್ತು ವರ್ಷ. ಯಾರ ಕೈಗೆ ಸಿಕ್ಕರೂ ಅವರನ್ನೇ ಕೆಡಿಸುವ, ಬಳಸದೆ ನಾಶ ಮಾಡಲೇಬೇಕಾದ ಉಂಗುರದಲ್ಲಿ ಓದುಗರಿಗೆ ಬಾಂಬು ಕಂಡದ್ದು ಸಹಜ. 1960ರ ದಶಕದಲ್ಲಿ ಬಂದ ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ಲೇಖಕರು ಇದನ್ನು ನೇರವಾಗಿ ಅಲ್ಲಗಳೆದರು. ಪಾತ್ರಕ್ಕೊಂದು, ವಸ್ತುವಿಗೊಂದು ಅರ್ಥವನ್ನು ಮೊದಲೇ ಗಂಟುಹಾಕಿಡುವ ಅನ್ಯೋಕ್ತಿ ತಮಗೆ ಸೇರದು ಎಂದರು. ನಿಜವಾಗಿ ನಡೆದ ಎರಡನೇ ಮಹಾಯುದ್ಧವೇ ಕಥೆಗೆ ಮಾದರಿಯಾಗಿದ್ದರೆ ಉಂಗುರವನ್ನು ವಶಪಡಿಸಿಕೊಂಡು ಶತ್ರುವಿನ ಮೇಲೆಯೇ ಪ್ರಯೋಗಿಸುತ್ತಿದ್ದರು ಎಂದೂ ಬರೆದರು. ಆಮೇಲೆ ಒಂದು ಗೆರೆ ಎಳೆದರು: ಕಥೆಯನ್ನು ತನ್ನ ಬದುಕಿಗೆ ಅನ್ವಯಿಸಿಕೊಳ್ಳುವುದು ಓದುಗನ ಸ್ವಾತಂತ್ರ್ಯ, ಅನ್ಯೋಕ್ತಿಯಾದರೋ ಲೇಖಕ ಬೇಕೆಂದೇ ಹೂಡುವ ಯಜಮಾನಿಕೆ. ಈ ಮುನ್ನುಡಿಯನ್ನು ಉದ್ಧರಿಸುವವರು ಸಾಮಾನ್ಯವಾಗಿ ಮೊದಲ ಮಾತಿಗೇ ನಿಲ್ಲುತ್ತಾರೆ. ಓದುಗನ ಪರವಾಗಿರುವ ಎರಡನೆಯ ಮಾತು ಬಿಟ್ಟುಹೋಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. 1953ರಲ್ಲಿ ಜೆಸ್ಯೂಟ್ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಟೋಲ್ಕಿನ್, ಇದು ಮೂಲತಃ ಧಾರ್ಮಿಕ, ಕ್ಯಾಥೊಲಿಕ್ ಕೃತಿ, ಮೊದಲು ಅರಿವಿಲ್ಲದೆ ಹಾಗಾಯಿತು, ತಿದ್ದುವಾಗ ಅರಿವಿತ್ತು ಎಂದಿದ್ದರು. ಪತ್ರಗಳು 1981ರಲ್ಲಿ ಅಚ್ಚಾದ ಮೇಲೆ ಕಥೆಯಲ್ಲಿ ಒಳಅರ್ಥ ಕಾಣುವವರು, ಇಲ್ಲವೆನ್ನುವವರು, ಎರಡೂ ಬಣಗಳಿಗೆ ಲೇಖಕರದೇ ಸಾಕ್ಷ್ಯ ಸಿಕ್ಕಿತು.

ಅತ್ತ ವಿಮರ್ಶಕರಲ್ಲಿ, 1946ರಲ್ಲಿ ವಿಮ್ಸಾಟ್ ಮತ್ತು ಬಿಯರ್ಡ್‌ಸ್ಲಿ ಕವಿಯ ಉದ್ದೇಶ ಕೃತಿಗೆ ಅಳತೆಗೋಲಾಗದು ಎಂದರು. 1967ರಲ್ಲಿ ರೋಲಾಂ ಬಾರ್ತ್ ಅರ್ಥ ಹುಟ್ಟುವುದು ಓದುಗನಲ್ಲಿ ಎಂದು ಲೇಖಕನ ಸಾವನ್ನೇ ಸಾರಿದರು, ಅದೇ ವರ್ಷ ಇ.ಡಿ. ಹಿರ್ಶ್ ಲೇಖಕನನ್ನು ಕೈಬಿಟ್ಟರೆ ಅರ್ಥಕ್ಕೆ ಆಧಾರವೇ ಉಳಿಯದು ಎಂದು ವಾದಿಸಿದರು. 2007ರಲ್ಲಿ ಜೆ.ಕೆ. ರೌಲಿಂಗ್ ಹ್ಯಾರಿ ಪಾಟರ್ ಸರಣಿ ಮುಗಿದ ಮೇಲೆ, ಅದರಲ್ಲಿನ ಮಾಂತ್ರಿಕ ಶಾಲೆಯ ಮುಖ್ಯಗುರು ಡಂಬಲ್‌ಡೋರ್ ಸಲಿಂಗಕಾಮಿ ಎಂದು ಸಭೆಯಲ್ಲಿ ಹೇಳಿದರು. ಪುಸ್ತಕದ ಹೊರಗೆ ಆಡಿದ ಮಾತು ಪುಸ್ತಕಕ್ಕೆ ಸೇರುತ್ತದೆಯೇ ಎಂಬ ಹೊಸ ತಕರಾರು ಆಗ ಹುಟ್ಟಿತು.

ನಮ್ಮ ಸೀಮೆಗೆ ಇದು ಹೊಸತಲ್ಲ. ಬನವಾಸಿಯನ್ನು ಮರೆಯಲಾರೆನೆಂದ ಪಂಪ, 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆದಾಗ ಉದ್ದೇಶವನ್ನು ಮುಚ್ಚಿಡಲೇ ಇಲ್ಲ: ಅರ್ಜುನನೇ ತನ್ನ ದೊರೆ ಅರಿಕೇಸರಿ. ಆದರೆ ಮಹಾಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದವನೂ ಅವನೇ. ಓದುಗರು ಇಂದಿಗೂ ನೆನೆಯುವುದು ಕರ್ಣನನ್ನೇ.

ಗೂಢಾರ್ಥ ಎಂಬ ಪದ ನನಗೆ ಹಿಡಿಸುವುದಿಲ್ಲ. ಅದು ಲೇಖಕನನ್ನು ನಿಧಿ ಹೂತಿಟ್ಟವನಂತೆಯೂ ಓದುಗನನ್ನು ಗುದ್ದಲಿ ಹಿಡಿದವನಂತೆಯೂ ಕಾಣಿಸುತ್ತದೆ. 9ನೇ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿಯನ್ನು, ಅಂದರೆ ಮಾತಿನ ಆಚೆಗೆ ಹೊಳೆಯುವ ಅರ್ಥವನ್ನು, ನಾದದ ಬೆನ್ನಿಗೆ ಉಳಿಯುವ ಅನುರಣನಕ್ಕೆ ಹೋಲಿಸಿದ. ಅದು ಎಷ್ಟು ಸರಿ ಎಂಬುದು ನನಗೆ ತಿಳಿದದ್ದು ತಾಳಮದ್ದಳೆಯ ಕೂಟಗಳಲ್ಲಿ.

ಮಳೆಗಾಲದಲ್ಲಿ ಯಕ್ಷಗಾನದ ಬಯಲಾಟ ನಿಂತಾಗ ಇಲ್ಲಿನ ದೇವಸ್ಥಾನಗಳಲ್ಲಿ, ಮನೆಯ ಜಗುಲಿಗಳಲ್ಲಿ ಕೂಟ ಸೇರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಪಂಚೆ ಶಾಲಿನಲ್ಲಿ ಕುಳಿತ ಅರ್ಥಧಾರಿ ಅರ್ಥ ಹೇಳುತ್ತಾರೆ. ಪದ್ಯ ನಾಲ್ಕು ಸಾಲು, ಅರ್ಥ ಅರ್ಧ ಗಂಟೆ. ಬಾಣ ತಾಗಿ ಬಿದ್ದ ವಾಲಿ ‘ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ?’ ಎಂದು ರಾಮನನ್ನು ಕೇಳುವ ಸನ್ನಿವೇಶವನ್ನೇ ನೋಡಿ. ಒಬ್ಬರ ವಾಲಿ ಕಾಡಿನವರ ಪರ ನಿಲ್ಲುತ್ತಾನೆ, ಇನ್ನೊಬ್ಬರ ವಾಲಿ ರಾಜನೀತಿ ಕೆದಕುತ್ತಾನೆ, ಮತ್ತೊಬ್ಬರ ವಾಲಿ ಸಾವಿನ ಮುಂದೆ ಮೆತ್ತಗಾಗುತ್ತಾನೆ. ಪ್ರಸಂಗ ಬರೆದ ಕವಿಗೆ ಇವೆಲ್ಲ ಹೊಳೆದಿದ್ದವೇ ಎಂದು ಕೇಳಿ ಎದ್ದುಹೋದವರನ್ನು ನಾನು ಕಂಡಿಲ್ಲ. ಆದರೆ ಪದ್ಯಕ್ಕೆ ಹೊಂದದ ಮಾತು ಬಂತೋ, ಕಂಬಕ್ಕೆ ಒರಗಿ ಕುಳಿತ ಅಜ್ಜಂದಿರು ಗೊಣಗುತ್ತಾರೆ, ಎದುರಿನ ಅರ್ಥಧಾರಿ ಅಲ್ಲೇ ಹಿಡಿದು ನಿಲ್ಲಿಸುತ್ತಾರೆ. ವಾದದಲ್ಲಿ ಗೆದ್ದರೂ ವಾಲಿ ಬದುಕುವಂತಿಲ್ಲ. ಭಾಗವತರು ಮುಂದಿನ ಪದ್ಯ ಎತ್ತಿಕೊಂಡರೆ ಮುಗಿಯಿತು.

ಉಂಗುರಕ್ಕೂ ನಾನು ಇದೇ ಅಳತೆ ಹಿಡಿಯುತ್ತೇನೆ. ಬಳಸಬಾರದ ಶಕ್ತಿ ಎಂಬಲ್ಲಿಯವರೆಗೆ ಅಣುಬಾಂಬಿನ ಅರ್ಥ ಕೂಡಿಬರುತ್ತದೆ. ಹೊತ್ತವನ ಕೊರಳಿಗೆ ದಿನದಿಂದ ದಿನಕ್ಕೆ ಭಾರವಾಗುವ, ಕೊನೆಯ ಗಳಿಗೆಯಲ್ಲಿ ಎಸೆಯಲು ಮನಸ್ಸೇ ಬಾರದ ಆ ಮೋಹದ ಹತ್ತಿರ ಬಂದಾಗ ಬಾಂಬು ಸಾಲುವುದಿಲ್ಲ.

ಜಗುಲಿಯಲ್ಲಿ ಮಾವ ಸುಲಭಕ್ಕೆ ಬಿಟ್ಟುಕೊಡಲಿಲ್ಲ, ಅವರೂ ವಾಲಿಯ ಅರ್ಥ ಹೇಳಿದವರು. ಹುಡುಗಿ ಕೊನೆಗೆ ಅದೇ ಮುನ್ನುಡಿ ತೆರೆದು, ವಾದಗಳಲ್ಲಿ ಅಷ್ಟಾಗಿ ಕೇಳಿಬರದ ಒಂದು ಸಾಲನ್ನು ಕನ್ನಡದಲ್ಲಿ ಹೇಳಿದಳು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದ ಲೇಖಕರು ಅಲ್ಲಿ ನೆನೆಯುತ್ತಾರೆ: 1918ರ ಹೊತ್ತಿಗೆ ತಮ್ಮ ಆಪ್ತ ಗೆಳೆಯರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತಿದ್ದರು. ಕವಳದ ಎಲೆಗೆ ಸುಣ್ಣ ಸವರುತ್ತಿದ್ದ ಮಾವ ಕೈ ನಿಲ್ಲಿಸಿ, ‘ಅದನ್ನು ಇನ್ನೊಮ್ಮೆ ಓದು’ ಎಂದರು.