‘ಸರ್, ಕನ್ವರ್ಜ್ ಆಯ್ತು’

ಮೈಸೂರು, ಮಂಡ್ಯದ ಇಂಜಿನಿಯರಿಂಗ್ ಹುಡುಗರ ಸಿಎಫ್‌ಡಿ (ರೆಕ್ಕೆಯ ಸುತ್ತಲ ಗಾಳಿಯ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು) ಪ್ರಾಜೆಕ್ಟ್ ರಿವ್ಯೂಗಳಲ್ಲಿ, ಲೆಕ್ಕ ಒಂದು ಉತ್ತರಕ್ಕೆ ಬಂದು ನಿಂತಿತು ಎಂಬ ಈ ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ರೆಕ್ಕೆಯ ಡ್ರ್ಯಾಗ್ (ಗಾಳಿ ಹಿಂದಕ್ಕೆ ಎಳೆಯುವ ಬಲ) ಸರಿಯಾಗಿ ಬಂದಿದೆಯೇ ಎಂದು ಕೇಳಿದರೆ, 10⁻⁶ಕ್ಕೆ ಇಳಿದ ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಇನ್ನೂ ತಾಳೆಯಾಗದೆ ಉಳಿದ ಪಾಲು) ಗೆರೆಗಳನ್ನು ತೋರಿಸುತ್ತಾರೆ. ಕೇಳಿದ್ದಕ್ಕೂ ತೋರಿಸಿದ್ದಕ್ಕೂ ಸಂಬಂಧವೇ ಇಲ್ಲ.

ನೀವು ಕೊಟ್ಟ ಮೆಶ್ (ಗಾಳಿಯ ಜಾಗವನ್ನು ಸೆಲ್ ಎಂಬ ಸಣ್ಣ ತುಂಡುಗಳಾಗಿ ಒಡೆದ ಬಲೆ), ನೀವು ಆರಿಸಿದ ಸ್ಕೀಮ್ (ಸೆಲ್‌ನಿಂದ ಸೆಲ್‌ಗೆ ಲೆಕ್ಕ ಸಾಗಿಸುವ ಸೂತ್ರ), ನೀವು ತುಂಬಿದ ಅಂಕಿಗಳಿಂದ ಹುಟ್ಟಿದ ಸಮೀಕರಣಗಳನ್ನು ಸಾಲ್ವರ್ ಬಿಡಿಸಿತೋ ಇಲ್ಲವೋ, ರೆಸಿಡ್ಯುಯಲ್ ಹೇಳುವುದು ಅಷ್ಟನ್ನೇ. ಆ ಸಮೀಕರಣಗಳು ನಿಜವಾದ ಗಾಳಿಗೆ ಎಷ್ಟು ಹತ್ತಿರ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಉದಾಹರಣೆಗೆ, ಮಂಡ್ಯದ ಕಬ್ಬಿನ ಗದ್ದೆ ಸರ್ವೆ ಮಾಡುವ ಡ್ರೋನ್ ಎನ್ನುತ್ತಾರೆ. ಗಾಳಿಯ ಸಾಂದ್ರತೆ ಮಾತ್ರ ಸಾಫ್ಟ್‌ವೇರ್ ಕೊಟ್ಟ 1.225 (ಘನ ಮೀಟರಿಗೆ ಕೆ.ಜಿ.) ಹಾಗೇ ಇರುತ್ತದೆ. ಅದು ಸಮುದ್ರಮಟ್ಟದ, 15 ಡಿಗ್ರಿಯ ಗಾಳಿ. ಸುಮಾರು 760 ಮೀಟರ್ ಎತ್ತರದ ಮೈಸೂರಿನಲ್ಲಿ, 30 ಡಿಗ್ರಿ ಸೆಕೆಯಲ್ಲಿ ಅದು 1.06ರ ಆಸುಪಾಸು. ಲಿಫ್ಟ್‌ನಲ್ಲಿ (ಮೇಲಕ್ಕೆತ್ತುವ ಬಲದಲ್ಲಿ) ಶೇ. 13ರಷ್ಟು ಖೋತಾ. ರೆಸಿಡ್ಯುಯಲ್ ಎರಡಕ್ಕೂ ಅಷ್ಟೇ ಚೆಂದವಾಗಿ ಇಳಿಯುತ್ತದೆ.

ಇನ್ನೂ ದೊಡ್ಡ ಕಿತಾಪತಿ ಫಸ್ಟ್ ಆರ್ಡರ್ ಅಪ್‌ವಿಂಡ್, ಗಾಳಿ ಬರುವ ಕಡೆಯ ಸೆಲ್‌ನ ಅಂಕಿಯನ್ನೇ ಹಾಗೇ ಎತ್ತಿಕೊಳ್ಳುವ ಒರಟು ಸ್ಕೀಮ್. ಇನ್ನೂ ನಿಖರವಾದ ಸೆಕೆಂಡ್ ಆರ್ಡರ್‌ನಲ್ಲಿ ರೆಸಿಡ್ಯುಯಲ್ ಗೆರೆ ಕುಣಿದರೆ ಸಾಕು, ಇದಕ್ಕೆ ಬದಲಾಯಿಸಿಬಿಡುತ್ತಾರೆ. ಗೆರೆ ಶಾಂತವಾಗುತ್ತದೆ, ನಿಜ. ಆಗುವುದು ಏಕೆಂದರೆ, ಈ ಸ್ಕೀಮ್ ಸರಿಸುಮಾರು ವೇಗ × ಸೆಲ್ ಅಳತೆ ÷ 2ರಷ್ಟು ಕೃತಕ ಸ್ನಿಗ್ಧತೆಯನ್ನು ತಾನೇ ಸೇರಿಸುತ್ತದೆ. ವೇಗ ಸೆಕೆಂಡಿಗೆ 20 ಮೀಟರ್, ಸೆಲ್ 1 ಮಿ.ಮೀ. ಇದ್ದರೆ ಅದು ಸೆಕೆಂಡಿಗೆ 0.01 ಚದರ ಮೀಟರ್. ಗಾಳಿಯ ಸ್ವಂತ ಸ್ನಿಗ್ಧತೆ ಅದೇ ಮಾನದಲ್ಲಿ ಸುಮಾರು 0.000015. ಅಂದರೆ 600 ಪಟ್ಟಿಗೂ ಹೆಚ್ಚು! ಹರಿವು ಮೆಶ್ ಗೆರೆಗಳಿಗೆ ಓರೆಯಾಗಿ ಹೋಗುವ ಕಡೆ ಇದರ ಹಾವಳಿ ಜಾಸ್ತಿ. ಮೊದಲ ಕೆಲವು ನೂರು ಇಟರೇಷನ್‌ಗೆ (ಲೆಕ್ಕದ ಸುತ್ತುಗಳಿಗೆ) ಬಳಸಿ, ತಕರಾರಿಲ್ಲ; ರಿಪೋರ್ಟಿಗೆ ಹಾಕುವ ಅಂಕಿ ಮಾತ್ರ ಸೆಕೆಂಡ್ ಆರ್ಡರ್‌ನದ್ದಾಗಿರಲಿ.

ಹಾಗಾದರೆ ತೋರಿಸಬೇಕಾದ್ದೇನು? ಒಂದೇ ರೆಕ್ಕೆಗೆ ಮೂರು ಮೆಶ್. ಪ್ರತಿ ದಿಕ್ಕಿನಲ್ಲೂ ಸೆಲ್ ಅಳತೆ ಅರ್ಧ ಅರ್ಧ ಮಾಡುತ್ತ ಹೋದಾಗ ಡ್ರ್ಯಾಗ್ ಗುಣಾಂಕ 0.0101, 0.0089, 0.0085 ಬಂತೆನ್ನೋಣ. ಮೊದಲ ವ್ಯತ್ಯಾಸ 0.0012, ಎರಡನೆಯದು 0.0004, ಅನುಪಾತ 3. ಅದರ ಲಾಗ್ ಅನ್ನು 2ರ ಲಾಗ್‌ನಿಂದ ಭಾಗಿಸಿದರೆ ಆರ್ಡರ್ (ಸೆಲ್ ಸಣ್ಣದಾದಂತೆ ತಪ್ಪು ಎಷ್ಟು ಬೇಗ ಇಳಿಯುತ್ತದೆ ಎಂಬ ಅಂಕಿ) ಸುಮಾರು 1.6, ಸೆಕೆಂಡ್ ಆರ್ಡರ್ ಸ್ಕೀಮ್‌ಗೆ ಒಪ್ಪಬಹುದಾದ ಅಂಕಿ. ಕೊನೆಯ ವ್ಯತ್ಯಾಸವನ್ನು (3−1)ರಿಂದ ಭಾಗಿಸಿ 0.0085ರಿಂದ ಕಳೆದರೆ 0.0083; ಸೆಲ್ ಎಷ್ಟು ಸಣ್ಣದಾದರೂ ಅಂಕಿ ಹೋಗಿ ನಿಲ್ಲುವ ಜಾಗದ ಅಂದಾಜು ಇದು. ರೋಚ್ ಅವರ ಜಿಸಿಐ (ಗ್ರಿಡ್ ಕನ್ವರ್ಜೆನ್ಸ್ ಇಂಡೆಕ್ಸ್, ಮೆಶ್‌ನಿಂದ ಬರುವ ಅನಿಶ್ಚಿತತೆ ಅಳೆಯುವ) ವಿಧಾನದಲ್ಲಿ 1.25ರ ಸುರಕ್ಷತಾ ಗುಣಕ ಹಾಕಿದರೆ ಅನಿಶ್ಚಿತತೆ ಸುಮಾರು ಶೇ. 3. ಮೂರು ಆಯಾಮದಲ್ಲಿ ಅರ್ಧ ಮಾಡಿದರೆ ಸೆಲ್ ಸಂಖ್ಯೆ 8 ಪಟ್ಟಾಗುತ್ತದೆ, ಲ್ಯಾಪ್‌ಟಾಪ್ ತಡೆಯದು, ಆಗ ಒಂದು ಮೆಶ್‌ಗೂ ಮುಂದಿನದಕ್ಕೂ ಸೆಲ್ ಅಳತೆಯಲ್ಲಿ 1.3ರ ಅನುಪಾತವಾದರೂ ಇರಲಿ. ಹೊರಗಿನ ಸೆಲ್‌ಗಳನ್ನಷ್ಟೇ ಸಣ್ಣದು ಮಾಡಿ ಗೋಡೆ ಪಕ್ಕದ ಪದರಗಳನ್ನು ಹಾಗೇ ಬಿಟ್ಟರೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಅಂಕಿ ಏರಿಳಿಯುತ್ತಿದ್ದರೂ ಅಷ್ಟೇ, ಮೆಶ್ ಇನ್ನೂ ಸಾಲದು.

ಸ್ವಂತ ರೆಕ್ಕೆಗೆ ಕೈಹಾಕುವ ಮುನ್ನ ನಾಕಾ 0012 ಎಂಬ ಹೆಸರಾಂತ ರೆಕ್ಕೆಯ ಆಕಾರವನ್ನು ಒಮ್ಮೆ ಮಾಡಿ ನೋಡಿ. ರೆನಾಲ್ಡ್ಸ್ ಸಂಖ್ಯೆ (ವೇಗ, ಅಳತೆಗಳನ್ನು ಸ್ನಿಗ್ಧತೆಗೆ ಹೋಲಿಸುವ ಅಂಕಿ) 60 ಲಕ್ಷ, ಗಾಳಿಗೆ ರೆಕ್ಕೆಯ ಕೋನ ಸೊನ್ನೆ, ಹರಿವು ಪೂರ್ತಿ ಟರ್ಬುಲೆಂಟ್ (ಪ್ರಕ್ಷುಬ್ಧ) ಎಂದಿಟ್ಟರೆ ಡ್ರ್ಯಾಗ್ ಗುಣಾಂಕ 0.008ರ ಸುತ್ತಮುತ್ತ ಬರಬೇಕು. ನಾಸಾ ಇದಕ್ಕೆ ಕೊಟ್ಟಿರುವ ಮೆಶ್‌ಗಳಲ್ಲಿ ಹೊರಗಡಿ ರೆಕ್ಕೆಯಿಂದ ಸುಮಾರು 500 ಕಾರ್ಡ್ (ರೆಕ್ಕೆಯ ಮುಂದಂಚಿನಿಂದ ಹಿಂದಂಚಿನವರೆಗಿನ ಉದ್ದ) ದೂರದಲ್ಲಿದೆ. ನಮ್ಮವರು 10 ಕಾರ್ಡ್‌ಗೇ ನಿಲ್ಲಿಸಿ, ಲಿಫ್ಟ್ ಯಾಕೋ ಹೊಂದುತ್ತಿಲ್ಲ ಸರ್ ಅನ್ನುತ್ತಾರೆ.

ಸ್ಟಾಲ್ (ಕೋನ ಹೆಚ್ಚಾಗಿ ರೆಕ್ಕೆ ಲಿಫ್ಟ್ ಕಳೆದುಕೊಳ್ಳುವ ಹಂತ) ಹತ್ತಿರದ ಕೋನಗಳಲ್ಲಿ ಮಾತ್ರ ಇದನ್ನೆಲ್ಲ ಮಾಡಿದರೂ ರೆಸಿಡ್ಯುಯಲ್ ಇಳಿಯದೇ ಇರಬಹುದು, ಲಿಫ್ಟ್ ಗೆರೆ ಒಂದೇ ಸಮನೆ ತೂಗಾಡಬಹುದು. ಬಹುಮಟ್ಟಿಗೆ ಅಲ್ಲಿ ಹರಿವೇ ಒಂದೇ ಸ್ಥಿತಿಯಲ್ಲಿ ನೆಲೆ ನಿಲ್ಲುವುದಿಲ್ಲ. ಅಂಥ ಕಡೆ ಸ್ಟೆಡಿ (ಕಾಲಕ್ಕೆ ಬದಲಾಗದ ಹರಿವಿನ ಲೆಕ್ಕ) ಬಿಟ್ಟು ಟ್ರಾನ್ಸಿಯೆಂಟ್ (ಕಾಲಕ್ಕೆ ತಕ್ಕಂತೆ ಬದಲಾಗುವ ಲೆಕ್ಕ) ಓಡಿಸಿ, ಶುರುವಿನ ಭಾಗ ಕೈಬಿಟ್ಟು, ಉಳಿದದ್ದರ ಸರಾಸರಿ ಬರೆಯಿರಿ. ತೂಗಾಟದ ವ್ಯಾಪ್ತಿಯನ್ನೂ ಪಕ್ಕದಲ್ಲೇ ಹಾಕಿ.