ಬಜೆಟ್ ಸಾಲಿನ ಮೇಲೆ ಬೆರಳಿಡಿ: ಮೆಟೀರಿಯಲ್ ವೇರಿಯೆನ್ಸ್ ಟಿಪ್ಪಣಿ

ಮೂರು ದಿನದಿಂದ ಕಾಸ್ಟಿಂಗ್‌ನ ಒಂದೇ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೆ: ಮೆಟೀರಿಯಲ್ ವೇರಿಯೆನ್ಸ್, ಅಂದರೆ ಕಚ್ಚಾ ವಸ್ತುವಿಗೆ ಆಗಬೇಕಿದ್ದ ಖರ್ಚಿಗೂ ನಿಜವಾಗಿ ಆದ ಖರ್ಚಿಗೂ ಇರುವ ವ್ಯತ್ಯಾಸ. ನಿನ್ನೆ ರಾತ್ರಿ ಬಗೆಹರಿಯಿತು, ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಸ್ಟ್ಯಾಂಡರ್ಡ್ ಕಾಸ್ಟ್ ಅಂದರೆ ಇಷ್ಟಾಗಬೇಕು ಅಂತ ಮೊದಲೇ ಗೊತ್ತುಮಾಡಿಕೊಂಡ ಖರ್ಚು, ಅಷ್ಟು ಸಾಕು.

ನಮ್ಮದು ಶಿಡ್ಲಘಟ್ಟ, ಅದಕ್ಕೇ ರೇಷ್ಮೆ ಗೂಡಿನ ಲೆಕ್ಕವನ್ನೇ ತಗೊಂಡೆ. 1 ಕೆಜಿ ನೂಲಿಗೆ 7 ಕೆಜಿ ಗೂಡು, ಗೂಡಿಗೆ ಕೆಜಿಗೆ 500 ರೂಪಾಯಿ, ಇದು ಸ್ಟ್ಯಾಂಡರ್ಡ್. ಬಜೆಟ್ 100 ಕೆಜಿ ನೂಲು. ನಿಜವಾಗಿ ಬಂದದ್ದು 90 ಕೆಜಿ, ಖರ್ಚಾದ ಗೂಡು 648 ಕೆಜಿ, ಕೊಟ್ಟ ಬೆಲೆ 520.

ನಾನು ಏನು ಮಾಡುತ್ತಿದ್ದೆ ಅಂದರೆ, ಬಜೆಟ್ ಪ್ರಕಾರ 700 ಕೆಜಿ ಬೇಕಿತ್ತು, 648 ಸಾಕಾಯಿತು, 52 ಕೆಜಿ ಉಳಿಯಿತು, ಗುಣಿಸು 500, 26,000 ಫೇವರಬಲ್, ಅಂದರೆ ನಮಗೆ ಲಾಭದ ಕಡೆ. ಪುಸ್ತಕದ ಉತ್ತರದಲ್ಲಿ ನೋಡಿದರೆ 9,000 ಅಡ್ವರ್ಸ್, ಅಂದರೆ ನಷ್ಟದ ಕಡೆ! ಚಿಹ್ನೆಯೇ ಉಲ್ಟಾ.

ನಮ್ಮ ಮಾವ ರೀಲರ್, ಗೂಡಿನಿಂದ ನೂಲು ಬಿಚ್ಚುವವರು. ಬೇಸಿನ್ ಮುಂದೆ ನಿಂತು, ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆ ಹುಡುಕುತ್ತಿದ್ದರು. "ಮಾವ, 700 ಅಂದುಕೊಂಡಿದ್ದ ಕಡೆ 648 ಕೆಜಿ ಗೂಡೇ ಖರ್ಚಾದರೆ ಲಾಭ ಅಲ್ವಾ?" ಅಂತ ಕೇಳಿದೆ. ಕೈ ನಿಲ್ಲಿಸದೆ ಅವರು, "ನೂಲು ಎಷ್ಟು ಬಂತು, ಅದನ್ನು ಮೊದಲು ಹೇಳಮ್ಮ" ಅಂದರು.

ಅಷ್ಟೇ ವಿಷಯ. ಅವರು ರೆಂಡಿಟ್ಟ ಅನ್ನುತ್ತಾರಲ್ಲ, ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಅಂತ, ಯೂಸೇಜ್ ವೇರಿಯೆನ್ಸ್ (ವಸ್ತು ಬಳಕೆಯ ವ್ಯತ್ಯಾಸ) ಕೇಳುವುದೂ ಅದನ್ನೇ. ಬಂದಿರುವುದು 90 ಕೆಜಿ ನೂಲು. 90 ಗುಣಿಸು 7, 630 ಕೆಜಿ ಗೂಡು ಸಾಕಿತ್ತು. ಹೋಗಿದ್ದು 648. 18 ಕೆಜಿ ಜಾಸ್ತಿ, 500ರಂತೆ 9,000 ಅಡ್ವರ್ಸ್. ನಾನು ಉಳಿಯಿತು ಅಂದುಕೊಂಡ 52 ಕೆಜಿ ಉಳಿತಾಯವೇ ಅಲ್ಲ, ನೂಲೇ ಕಡಿಮೆ ತೆಗೆದಿದ್ದು. ಸ್ಟ್ಯಾಂಡರ್ಡ್ ಕ್ವಾಂಟಿಟಿ ಯಾವಾಗಲೂ ನಿಜವಾಗಿ ಬಂದ ಉತ್ಪಾದನೆಗೆ. ಈಗ ಪ್ರಶ್ನೆ ಓದುವಾಗ ಬಜೆಟ್ ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿಕೊಂಡೇ ಶುರು ಮಾಡುತ್ತೇನೆ.

ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಮೂರು ಮೊತ್ತ ಪಕ್ಕಪಕ್ಕ ಬರೆಯುವುದು ನನಗೆ ಇಷ್ಟ:

630 × 500 = 3,15,000
648 × 500 = 3,24,000
648 × 520 = 3,36,960

ಮೊದಲೆರಡರ ನಡುವೆ ಕೆಜಿ ಮಾತ್ರ ಬದಲಾಗಿದೆ, ಅದು ಯೂಸೇಜ್, 9,000. ಕೊನೆಯ ಎರಡರ ನಡುವೆ ಬೆಲೆ ಮಾತ್ರ ಬದಲಾಗಿದೆ, ಅದು ಪ್ರೈಸ್, 12,960. ಮೊದಲನೆಯದಕ್ಕೂ ಕೊನೆಯದಕ್ಕೂ 21,960, ಒಟ್ಟು ಕಾಸ್ಟ್ ವೇರಿಯೆನ್ಸ್. ಮೂರೂ ಅಡ್ವರ್ಸ್. ಕೂಡಿಸಿ ನೋಡಿ, ತಾಳೆ ಆಗುತ್ತೆ. ಯೂಸೇಜ್‌ಗೆ 520 ಯಾಕೆ ಹಾಕಲ್ಲ ಅಂದರೆ, ಮಾರುಕಟ್ಟೆಯ ಹರಾಜಿನಲ್ಲಿ ಗೂಡಿನ ರೇಟು ಏರಿದ್ದಕ್ಕೆ ನೂಲು ಬಿಚ್ಚುವವರು ಯಾಕೆ ಹೊಣೆಯಾಗಬೇಕು?

ಕೂಲಿಗೂ ಇದೇ ಮೂರು ಸಾಲು, ಕೆಜಿ ಬದಲು ಗಂಟೆ. ಕರೆಂಟ್ ಹೋಗಿ ಸುಮ್ನೆ ಕೂತ ಗಂಟೆಯನ್ನು ಸ್ಟ್ಯಾಂಡರ್ಡ್ ದರದಲ್ಲಿ ಐಡಲ್ ಟೈಮ್ ಅಂತ ಬೇರೆ ತೆಗೆಯಿರಿ.

ಬಜೆಟ್ ಸಾಲಿನ ಮೇಲಿನ ಬೆರಳು ತೆಗೆಯಬೇಕಾದದ್ದು ಫಿಕ್ಸೆಡ್ ಓವರ್‌ಹೆಡ್‌ನಲ್ಲಿ, ಅಂದರೆ ನೂಲು ಎಷ್ಟೇ ಬಂದರೂ ಬದಲಾಗದ ಖರ್ಚಿನಲ್ಲಿ; ಅದರ ಕೆಜಿ ದರ ಬಜೆಟ್‌ನಿಂದಲೇ ಬರುತ್ತೆ. ಬಜೆಟ್ 100 ಕೆಜಿಗೆ ಸ್ಥಿರ ಖರ್ಚು 20,000 ಅಂದರೆ ಕೆಜಿಗೆ 200. ನೂಲು ಬಜೆಟ್‌ಗಿಂತ 10 ಕೆಜಿ ಕಡಿಮೆ ಬಂತು, ಅದಕ್ಕೇ ವಾಲ್ಯೂಮ್ ವೇರಿಯೆನ್ಸ್ (ಉತ್ಪಾದನೆಯ ಪ್ರಮಾಣದ ವ್ಯತ್ಯಾಸ) 2,000 ಅಡ್ವರ್ಸ್.