ಒಂದೇ ಎ4 ಹಾಳೆ, ಎರಡು ಮಡಿಕೆ: ಕೃಷ್ಣಾಷ್ಟಮಿಯ ಶುಭಾಶಯ ಕಾರ್ಡಿಗೆ ಟಿಪ್ಪಣಿ

ಗಿಂಪ್ ಎಂಬ ಉಚಿತ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಹೊಸ ಚಿತ್ರ ತೆರೆಯಿರಿ: ಅಗಲ 2480, ಎತ್ತರ 3508 ಪಿಕ್ಸೆಲ್, ರೆಸಲ್ಯೂಶನ್ 300. ಇದು ನೆಟ್ಟಗೆ ನಿಲ್ಲಿಸಿದ ಎ4. ಇಮೇಜ್ ಮೆನುವಿನ ಗೈಡ್ಸ್‌ಗೆ ಹೋಗಿ ಶೇ. 50ಕ್ಕೆ ಅಡ್ಡ ಒಂದು, ಉದ್ದ ಒಂದು ಗೆರೆ ಹಾಕಿದರೆ ನಾಲ್ಕು ಮನೆ ಆಗುತ್ತವೆ. ಒಂದೊಂದೂ 1240 × 1754, ಅಂದರೆ ಎ6. ಪ್ರಿಂಟ್ ಒಂದೇ ಬದಿಗೆ ಸಾಕು.

ಯಾವ ಮನೆಯಲ್ಲಿ ಏನು?

ಕೆಳಗಿನ ಬಲ ಮನೆ ಮುಖಪುಟ, ಕೆಳಗಿನ ಎಡ ಮನೆ ಹಿಂಬದಿ. ಎರಡೂ ನೇರ. ಮೇಲಿನ ಎರಡು ಒಳಪುಟ, ತಲೆಕೆಳಗು. ಇಲ್ಲಿಯವರೆಗೆ ಸುಲಭ. ಎಡವುವುದು ಎಡ-ಬಲದಲ್ಲಿ: ಕಾರ್ಡ್ ತೆರೆದಾಗ ಬಲಕ್ಕೆ ಕಾಣಬೇಕಾದ ಹಾರೈಕೆ ಹಾಳೆಯಲ್ಲಿ ಮೇಲಿನ ಎಡ ಮನೆಯಲ್ಲಿರಬೇಕು. ನಂಬಿಕೆ ಬಾರದಿದ್ದರೆ ರದ್ದಿ ಹಾಳೆಯೊಂದನ್ನು ಕೊನೆಯಲ್ಲಿ ಹೇಳಿದ ಹಾಗೆ ಮಡಚಿ, ಪುಟಕ್ಕೊಂದು ಅಂಕಿ ಬರೆದು ಬಿಚ್ಚಿ ನೋಡಿ. ಮೇಲಿನ ಅರ್ಧ ಹಿಂದಕ್ಕೆ ಮಡಿಚಿಕೊಳ್ಳುವುದರಿಂದ ಮೇಲು-ಕೆಳಗಿನ ಜೊತೆ ಎಡ-ಬಲವೂ ಅದಲುಬದಲು.

ಇದನ್ನೆಲ್ಲ ನೆನಪಿಡುವ ಗೋಜೇ ಬೇಡ. ಒಳಪುಟಗಳಿಗೆ 2480 × 1754ರ ಬೇರೆಯೇ ಫೈಲ್ ಮಾಡಿ. ಅದರಲ್ಲಿ ಕಾರ್ಡ್ ತೆರೆದಾಗ ಹೇಗೆ ಕಾಣಬೇಕೋ ಹಾಗೇ ನೇರವಾಗಿ ಜೋಡಿಸಿ: ಎಡಕ್ಕೆ ಪುಟ್ಟ ಚಿತ್ರ, ಬಲಕ್ಕೆ ಹಾರೈಕೆ. ಪಿಎನ್‌ಜಿ ಆಗಿ ಉಳಿಸಿ, ದೊಡ್ಡ ಹಾಳೆಯೊಳಗೆ 'ಓಪನ್ ಆ್ಯಸ್ ಲೇಯರ್ಸ್' ಮೂಲಕ ತನ್ನಿ, ಲೇಯರನ್ನು 180 ಡಿಗ್ರಿ ತಿರುಗಿಸಿ ಮೇಲಂಚಿಗೆ ತಾಗಿಸಿ. ಎಡ-ಬಲ ತಾನಾಗಿ ಸರಿಹೋಗುತ್ತದೆ. ತಿರುಗಿಸಬೇಕು, 'ಫ್ಲಿಪ್' ಒತ್ತಬಾರದು. ಒತ್ತಿದರೆ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಬೇರೆ ಫೈಲಿನಿಂದ ಇನ್ನೊಂದು ಲಾಭ: ಗಿಂಪ್ 2.10ರಲ್ಲಿ ತಿರುಗಿಸಿದ ಅಕ್ಷರದ ಲೇಯರನ್ನು ಮತ್ತೆ ತಿದ್ದಲು ಹೋದರೆ ತಿರುಗಿಸಿದ್ದು ಅಳಿದು ಹೋಗುತ್ತದೆ. ಇಲ್ಲಿ ಕಾಗುಣಿತ ತಪ್ಪಿದ್ದರೆ ಮೂಲ ಫೈಲ್ ತಿದ್ದಿ ಮತ್ತೆ ತಂದರಾಯಿತು.

ಅಕ್ಷರ, ಚಿತ್ರ

ಯೂನಿಕೋಡ್ ಫಾಂಟ್ ಸಾಕು. ನೋಟೊ ಸೆರಿಫ್ ಕನ್ನಡ ಚೆನ್ನಾಗಿ ಕೂರುತ್ತದೆ. ಗಿಂಪ್ ಬದಲು ಹಳೆಯ ಫೋಟೋಶಾಪ್ ಬಳಸುವಾಗ 'ಅಷ್ಟಮಿ'ಯ ಒತ್ತು ಬಿಟ್ಟುಕೊಂಡರೆ ತಪ್ಪು ಫಾಂಟಿನದ್ದಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಿ, ಫೋಟೋಶಾಪ್ ಮುಚ್ಚಿ ತೆರೆದು ಹೊಸದಾಗಿ ಟೈಪ್ ಮಾಡಿ.

ಮುಖಪುಟಕ್ಕೆ ಹುಲಿವೇಷದ ಫೋಟೋ ಆದರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ, ಇಲ್ಲದಿದ್ದರೆ ಕುಗ್ಗಿ ಬರುತ್ತದೆ. ಪರದೆಯ ಮೇಲೆ ಮಿನುಗುವ ಆ ಕಿತ್ತಳೆ ಬಣ್ಣ ಕಾಗದದಲ್ಲಿ ಸ್ವಲ್ಪ ಮಂಕಾಗುವುದೇ. ಮುಖಪುಟ ಪೂರ್ತಿ ಕಪ್ಪು ಬಣ್ಣ ತುಂಬಬೇಡಿ: ಇಂಕ್‌ಜೆಟ್‌ನ ಶಾಯಿ ಕುಡಿದು ಕಾಗದ ಅಲೆಅಲೆಯಾಗುತ್ತದೆ.

ಪ್ರಿಂಟ್

'ಫಿಟ್ ಟು ಪೇಜ್' ತೆಗೆದು 100% ಇಡಿ. ಎಷ್ಟೋ ಇಂಕ್‌ಜೆಟ್‌ಗಳು ಕೆಳಗಡೆ ಜಾಸ್ತಿ ಅಂಚು ಬಿಡುತ್ತವೆ. 'ಫಿಟ್ ಟು ಪೇಜ್' ಹಾಗೇ ಇದ್ದರೆ ಆಗ ಚಿತ್ರ ಕುಗ್ಗುವುದಷ್ಟೇ ಅಲ್ಲ, ನಡುಗೆರೆಯೂ ಮೇಲೆ ಸರಿದು ಮಡಿಕೆ ಚಿತ್ರದ ಮೇಲೆ ಬೀಳುತ್ತದೆ. ಸುತ್ತ 15 ಮಿ.ಮೀ. ಖಾಲಿ ಬಿಟ್ಟರೆ ತೊಂದರೆಯಿಲ್ಲ.

ಕಾಗದ 100–120 ಜಿಎಸ್‌ಎಂ. ಅದಕ್ಕಿಂತ ದಪ್ಪವಾದರೆ ಎರಡು ಮಡಿಕೆ ಸೇರುವ ಮೂಲೆ ಉಬ್ಬುತ್ತದೆ. ಹೊಳಪಿನ ಫೋಟೋ ಕಾಗದವಂತೂ ಮಡಿಕೆಯಲ್ಲಿ ಬಿರಿಯುತ್ತದೆ. ಅಷ್ಟಮಿ ಹೊತ್ತಿಗೆ ಉಡುಪಿಯಲ್ಲಿ ಮಳೆ ಬಿಟ್ಟಿರುವುದಿಲ್ಲ. ಬಿಚ್ಚಿಟ್ಟ ಕಾಗದ ತೇವ ಹೀರಿ ಸುರುಟಿ ಪ್ರಿಂಟರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಕಟ್ಟನ್ನು ಜಿಪ್ ಚೀಲದೊಳಗಿಟ್ಟು, ಬೇಕಾದಷ್ಟೇ ಹಾಳೆ ಹೊರಗೆ ತೆಗೆಯಿರಿ.

ಶಾಯಿ ಒಣಗಲು ಹತ್ತು ನಿಮಿಷ ಬಿಡಿ. ಸ್ಕೇಲ್ ಇಟ್ಟು, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ನಡುಗೆರೆ ಎಳೆದು ಮಡಚಿ: ಮೊದಲು ಮೇಲಿನ ಅರ್ಧ ಹಿಂದಕ್ಕೆ, ಆಮೇಲೆ ಎಡ ಅರ್ಧ ಹಿಂದಕ್ಕೆ.